ಒಣಹುಲ್ಲು ಮೇಯುವ ದನಕ್ಕೆ ಹಿಂಡಿ: ಯಾವಾಗ, ಯಾವುದು, ಎಷ್ಟು

ಮುಂದೆ ಹುಲ್ಲು ಬೇಕಾದಷ್ಟು ಬಿದ್ದಿದೆ. ಆದರೂ ದನ ಸ್ವಲ್ಪ ಮೇದು ಸುಮ್ನೆ ನಿಂತುಬಿಡುತ್ತದೆ. ಹೊಟ್ಟೆ ನೋಡಿದರೆ ತುಂಬಿದ ಹಾಗಿದೆ, ಮೈ ಮಾತ್ರ ವಾರದಿಂದ ವಾರಕ್ಕೆ ಇಳಿಯುತ್ತಿದೆ. ಬರೀ ಬಲಿತ ಒಣಹುಲ್ಲಿನ ಮೇಲೆ ಬದುಕುವ ದನಗಳಲ್ಲಿ ಇದಕ್ಕೆ ಕಾರಣ ಬಹಳ ಸಲ ಒಂದೇ: ಆ ಹುಲ್ಲಿನಲ್ಲಿ ಪ್ರೋಟೀನ್ ಸಾಲುವುದಿಲ್ಲ.

ಇಂಥ ದನಕ್ಕೆ ದಿನಕ್ಕೆ ಅರ್ಧ ಕೆಜಿಯಿಂದ ಒಂದು ಕೆಜಿ ಒಳ್ಳೆಯ ಹಿಂಡಿ ಕೊಟ್ಟು ನೋಡಿ. ಹಿಂಡಿ ತಿಂದದ್ದಕ್ಕಿಂತ ದೊಡ್ಡ ಲಾಭ ಬೇರೆ ಕಡೆ ಬರುತ್ತದೆ. ಅದೇ ದನ ಅದೇ ಒರಟು ಹುಲ್ಲನ್ನು ಜಾಸ್ತಿ ತಿನ್ನಲು ಶುರುಮಾಡುತ್ತದೆ, ತಿಂದದ್ದನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ಈ ಲೇಖನ ಪೂರ್ತಿ ಆ ಒಂದು ಲಾಭವನ್ನು ಪಡೆಯುವ ಬಗ್ಗೆ.

ಹೊಟ್ಟೆಯೊಳಗೆ ಏನಾಗುತ್ತದೆ

ಇದನ್ನು ತಿಳಿದುಕೊಂಡರೆ ಮುಂದಿನ ಲೆಕ್ಕವೆಲ್ಲ ಸುಲಭ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹುಲ್ಲಿನ ನಾರನ್ನು ಒಡೆಯುವ ಶಕ್ತಿ ದನಕ್ಕೆ ಸ್ವಂತವಾಗಿ ಇಲ್ಲ. ಆ ಕೆಲಸ ಮಾಡುವುದು ಅದರ ದೊಡ್ಡ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ ವಾಸಿಸುವ ಬ್ಯಾಕ್ಟೀರಿಯಾ, ಪ್ರೊಟೊಜೋವಾ ಮತ್ತು ಶಿಲೀಂಧ್ರಗಳು. ಅಲ್ಲಿನ ಒಂದು ಮಿಲಿಲೀಟರ್ ರಸದಲ್ಲಿ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಇವು ನಾರನ್ನು ಒಡೆದು ಬಿಡುವ ಆಮ್ಲಗಳೇ ದನಕ್ಕೆ ಶಕ್ತಿ. ಕೊನೆಗೆ ಈ ಜೀವಿಗಳೂ ಮುಂದಿನ ಹೊಟ್ಟೆಗೆ ಹರಿದು ಹೋಗಿ ಜೀರ್ಣವಾಗುತ್ತವೆ. ದನಕ್ಕೆ ಸಿಗುವ ಪ್ರೋಟೀನ್‌ನಲ್ಲಿ ದೊಡ್ಡ ಪಾಲು ಅದೇ.

ಇವು ಬೆಳೆಯಬೇಕಾದರೆ ಸಾರಜನಕ ಬೇಕು. ನಾರು ಒಡೆಯುವ ಬ್ಯಾಕ್ಟೀರಿಯಾಗಳು ಅದನ್ನು ಮುಖ್ಯವಾಗಿ ಅಮೋನಿಯಾ ರೂಪದಲ್ಲಿ ತೆಗೆದುಕೊಳ್ಳುತ್ತವೆ. ಮೇವಿನ ಪ್ರೋಟೀನ್ ರೂಮೆನ್‌ನಲ್ಲಿ ಒಡೆದಾಗ ಈ ಅಮೋನಿಯಾ ಹುಟ್ಟುತ್ತದೆ. ಬಲಿತ ಹುಲ್ಲಿನಲ್ಲಿ ಪ್ರೋಟೀನೇ ಇಲ್ಲದಿದ್ದರೆ ಅಮೋನಿಯಾ ಎಲ್ಲಿಂದ ಬರಬೇಕು? ಬ್ಯಾಕ್ಟೀರಿಯಾಗಳ ಸಂಖ್ಯೆ ಕುಗ್ಗುತ್ತದೆ. ನಾರು ನಿಧಾನವಾಗಿ ಒಡೆಯುತ್ತದೆ. ಚೂರುಗಳು ಸಣ್ಣದಾಗುವ ತನಕ ಮುಂದಕ್ಕೆ ಸಾಗುವ ಹಾಗಿಲ್ಲ, ಆದ್ದರಿಂದ ರೂಮೆನ್ ಖಾಲಿಯಾಗುವುದೇ ಇಲ್ಲ. ಜಾಗ ಇಲ್ಲದ ಹೊಟ್ಟೆಗೆ ದನ ಇನ್ನಷ್ಟು ಹುಲ್ಲು ಹೇಗೆ ತುಂಬೀತು? ಹೊಟ್ಟೆ ತುಂಬಿದ್ದೂ ದೇಹ ಉಪವಾಸ ಬೀಳುವುದು ಹೀಗೆ.

ಹಿಂಡಿ ಹಾಕುವುದು ಅಂದರೆ ಮೊದಲು ಈ ಜೀವಿಗಳಿಗೆ ಊಟ ಹಾಕುವುದು. ಕೂಲಿಯಾಳಿಗೆ ಊಟ ಕೊಟ್ಟರೆ ಹೊಲದ ಕೆಲಸ ಸಾಗುತ್ತದಲ್ವಾ, ಹಾಗೆ.

ಹಂತ 1: ಹುಲ್ಲು ನೋಡಿ, ಸಗಣಿ ನೋಡಿ

ಚೀಲ ತರುವ ಮೊದಲು ಮೇವು ಯಾವ ಸ್ಥಿತಿಯಲ್ಲಿದೆ ಎಂದು ತೀರ್ಮಾನಿಸಬೇಕು. ಹುಲ್ಲಿನ ಒಣಾಂಶದಲ್ಲಿ, ಅಂದರೆ ನೀರು ಪೂರ್ತಿ ಆರಿದ ಮೇಲೆ ಉಳಿಯುವ ತೂಕದಲ್ಲಿ, ಪ್ರೋಟೀನ್ ಸುಮಾರು ಶೇ. 7ಕ್ಕಿಂತ ಕೆಳಗಿಳಿದರೆ ದನ ತಿನ್ನುವುದು ಕಡಿಮೆಯಾಗುತ್ತದೆ. ಹಿಂಡಿಗೆ ಫಲ ಚೆನ್ನಾಗಿ ಕಾಣುವುದು ಈ ಗೆರೆಯ ಕೆಳಗೆ. ಭತ್ತದ ಹುಲ್ಲು, ಗೋಧಿ ಹುಲ್ಲಿನಲ್ಲಿ ಇದು ಸಾಮಾನ್ಯವಾಗಿ ಶೇ. 3ರಿಂದ 4 ಮಾತ್ರ. ಬೀಜ ಉದುರಿ ಒಣಗಿ ನಿಂತ ಹುಲ್ಲುಗಾವಲಿನದ್ದೂ ಹೆಚ್ಚುಕಡಿಮೆ ಅದೇ ಕಥೆ.

ಎಳೆಯ ಹಸಿರು ಹುಲ್ಲಿನ ವಿಷಯ ಬೇರೆ. ಅದರಲ್ಲಿ ಶೇ. 12ಕ್ಕಿಂತ ಮೇಲೆ ಪ್ರೋಟೀನ್ ಇರುವುದು ಸಾಮಾನ್ಯ. ಅದನ್ನು ಹೊಟ್ಟೆ ತುಂಬ ಮೇಯುವ ದನಕ್ಕೆ ಮತ್ತೆ ಪ್ರೋಟೀನ್ ಹಿಂಡಿ ಕೊಟ್ಟರೆ ಜಾಸ್ತಿಯಾದ ಸಾರಜನಕ ಯೂರಿಯಾ ಆಗಿ ಗಂಜಲದಲ್ಲಿ ಹೊರಗೆ ಹೋಗುತ್ತದೆ. ಹೀಗೆ ಹೊರಹಾಕಲು ದನದ ಶಕ್ತಿಯೂ ಖರ್ಚು. ಹಸಿರು ಕಾಲದಲ್ಲಿ ಹಿಂಡಿ ಸುರಿಯುವುದು ಶುದ್ಧ ನಷ್ಟ ಎಂದೇ ನನ್ನ ಅಭಿಪ್ರಾಯ. ತುಂಬ ಹಾಲು ಕೊಡುವ ಹಸುವಿನ ಲೆಕ್ಕ ಮಾತ್ರ ಬೇರೆ.

ಮೇವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಮಾದರಿ ತೆಗೆಯುವಾಗ ಬಣವೆಯ ಒಂದೇ ಮೂಲೆಯಿಂದ ಹಿಡಿ ತುಂಬಿಕೊಳ್ಳಬೇಡಿ. ಹತ್ತು ಹದಿನೈದು ಕಡೆಯಿಂದ ಸ್ವಲ್ಪ ಸ್ವಲ್ಪ ಎಳೆದು, ಕಲಸಿ, ಅದರಲ್ಲೊಂದು ಪಾಲು ಕಳಿಸಿ. ಹುಲ್ಲುಗಾವಲಾದರೆ ದನ ಎಲ್ಲಿ ಬಾಯಿ ಹಾಕುತ್ತಿದೆಯೋ ಅಂಥ ಹುಲ್ಲನ್ನೇ ಕೀಳಿ. ದನ ಎಲೆ ಆರಿಸಿ ತಿನ್ನುತ್ತದೆ, ನಾವು ಕಾಂಡ ಸಮೇತ ಕೊಯ್ದರೆ ಲೆಕ್ಕ ತಪ್ಪುತ್ತದೆ. ವರದಿಯಲ್ಲಿ ಕಚ್ಚಾ ಪ್ರೋಟೀನ್ ಎಂದು ಬರೆದಿರುವ ಅಂಕಿ ನೋಡಬೇಕಾದದ್ದು. ಸಾರಜನಕ ಅಳೆದು 6.25ರಿಂದ ಗುಣಿಸಿ ಅದನ್ನು ಪಡೆಯುತ್ತಾರೆ.

ಪರೀಕ್ಷೆ ಆಗದಿದ್ದರೆ ಸಗಣಿ ಮಾತಾಡುತ್ತದೆ. ಪ್ರೋಟೀನ್ ಕೊರತೆಯ ದನದ ಸಗಣಿ ಗಟ್ಟಿ, ಒಣಕಲು, ಒಂದರ ಮೇಲೊಂದು ಬಿಲ್ಲೆಗಳಂತೆ ಎತ್ತರವಾಗಿ ನಿಲ್ಲುತ್ತದೆ. ಅದರಲ್ಲಿ ಅರಗದ ಉದ್ದ ನಾರು ಎದ್ದು ಕಾಣುತ್ತದೆ. ಮೇವು ಸರಿಯಿದ್ದಾಗ ಸಗಣಿ ಮೆತ್ತಗೆ ಹರಡಿ ನಡುವೆ ಸಣ್ಣ ಗುಳಿ ಬೀಳುತ್ತದೆ. ನೀರಾಗಿ ಚಿಮ್ಮುತ್ತಿದ್ದರೆ ಎಳೆ ಹುಲ್ಲಿನ ಪ್ರೋಟೀನ್ ಜಾಸ್ತಿಯಾಗಿರಬಹುದು, ಜಂತುಹುಳವೋ ಬೇರೆ ಕಾಯಿಲೆಯೋ ಕೂಡ ಇರಬಹುದು. ಒಂದೆರಡು ದನದ್ದು ನೋಡಿ ತೀರ್ಮಾನ ಬೇಡ, ಮಂದೆಯ ಹೆಚ್ಚಿನ ದನಗಳದ್ದು ನೋಡಿ.

ಹಂತ 2: ಹುಲ್ಲು ಸಾಕಷ್ಟು ಇದೆಯಾ?

ಇದನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಹಿಂಡಿಯ ಕೆಲಸ ಹುಲ್ಲನ್ನು ತಿನ್ನಿಸುವುದು. ತಿನ್ನಲು ಹುಲ್ಲೇ ಇಲ್ಲದಿದ್ದರೆ ಹಿಂಡಿ ಏನು ಮಾಡೀತು? ಹಿಂಡಿ ಶುರುವಾದ ಮೇಲೆ ಮೇವು ಮೊದಲಿಗಿಂತ ಬೇಗ ಖರ್ಚಾಗುತ್ತದೆ ಎಂಬುದನ್ನೂ ಮರೆಯಬೇಡಿ. ದೇಹತೂಕದ ಶೇ. 1.5ರಷ್ಟು ತಿನ್ನುತ್ತಿದ್ದ ದನ ಶೇ. 2ರವರೆಗೆ ಏರಿದರೆ, 300 ಕೆಜಿ ದನಕ್ಕೆ ದಿನಕ್ಕೆ ಒಂದೂವರೆ ಕೆಜಿ ಒಣಾಂಶ ಹೆಚ್ಚು ಬೇಕು. ಅಂಥ 20 ದನ, 90 ದಿನ ಅಂದರೆ 2,700 ಕೆಜಿ. ಬಣವೆಯಲ್ಲಿ ಅಷ್ಟು ಇದೆಯೋ ಇಲ್ಲವೋ ಈಗಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಹಿಂಡಿಗಿಂತ ಮೊದಲು ಮೇವು ಹೊಂದಿಸಬೇಕು, ಇಲ್ಲವೇ ದನಗಳ ಸಂಖ್ಯೆ ಇಳಿಸಬೇಕು.

ಹಂತ 3: ತೂಕ ಅಂದಾಜು ಮಾಡಿ

ತೂಕದ ಯಂತ್ರ ಬೇಕೆಂದಿಲ್ಲ, ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯ ತನಕ ಉದ್ದ, ಎರಡನ್ನೂ ಸೆಂಟಿಮೀಟರ್‌ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿ. ಸುತ್ತಳತೆ 150, ಉದ್ದ 130 ಇದ್ದರೆ ತೂಕ ಸುಮಾರು 270 ಕೆಜಿ. ಅಂದಾಜೇ ಆದರೂ ನಮ್ಮ ಲೆಕ್ಕಕ್ಕೆ ಸಾಕು.

ಹಂತ 4: ಎಷ್ಟು ಪ್ರೋಟೀನ್ ಕೊರತೆ?

ಒಂದು ಲೆಕ್ಕ ಮಾಡಿ ನೋಡೋಣ. ದನ 300 ಕೆಜಿ. ಹುಲ್ಲಿನ ಪ್ರೋಟೀನ್ ಶೇ. 4. ಈಗ ಅದು ತೂಕದ ಶೇ. 1.5, ಅಂದರೆ ನಾಲ್ಕೂವರೆ ಕೆಜಿ ಒಣಾಂಶ ತಿನ್ನುತ್ತಿದೆ. ಸಿಗುವ ಪ್ರೋಟೀನ್ 180 ಗ್ರಾಂ.

ನಮಗೆ ಬೇಕಾದದ್ದು ಅದು ಒಟ್ಟು 6 ಕೆಜಿ ತಿನ್ನಬೇಕು, ಅದರಲ್ಲಿ ಕನಿಷ್ಠ ಶೇ. 7 ಪ್ರೋಟೀನ್ ಇರಬೇಕು. ಅಂದರೆ 420 ಗ್ರಾಂ. ಇದರಲ್ಲಿ ಐದೂವರೆ ಕೆಜಿ ಹುಲ್ಲಿನಿಂದ 220 ಗ್ರಾಂ ಬರುತ್ತದೆ. ಉಳಿದ 200 ಗ್ರಾಂ ಹಿಂಡಿಯಿಂದ ಬರಬೇಕು.

ಶೇ. 44ರ ಸೋಯಾ ಹಿಂಡಿ ಅರ್ಧ ಕೆಜಿ ಹಾಕಿದರೆ 220 ಗ್ರಾಂ. ಕೆಲಸ ಆಯಿತು. ಶೇ. 24 ಪ್ರೋಟೀನ್ ಇರುವ, ಸಿಪ್ಪೆ ಸಹಿತ ಹತ್ತಿ ಹಿಂಡಿಯಾದರೆ ಮುಕ್ಕಾಲು ಕೆಜಿಗೆ ಮೇಲೆ, ಸುಮಾರು 850 ಗ್ರಾಂ ಬೇಕು. ಶೇ. 15ರ ಗೋಧಿ ಬೂಸಾದಿಂದಲೇ ತುಂಬಿಸಲು ಹೋದರೆ ಸುಮಾರು 1.35 ಕೆಜಿ ಬೇಕು. ಹೊತ್ತು ಹಾಕುವ ಭಾರವೂ ಜಾಸ್ತಿ.

ಸಾಮಾನ್ಯವಾಗಿ ಶೇ. 30ಕ್ಕಿಂತ ಹೆಚ್ಚು ಪ್ರೋಟೀನ್ ಇರುವ ಹಿಂಡಿ ದೇಹತೂಕದ ಶೇ. 0.1ರಿಂದ 0.3ರಷ್ಟು ಸಾಕಾಗುತ್ತದೆ. ಇದು ಮೈ ಉಳಿಸಿಕೊಳ್ಳಬೇಕಾದ ದನದ ಲೆಕ್ಕ. ಬೆಳೆಯುವ ಕಡಸು, ಗಬ್ಬದ ಕೊನೆಯ ಮೂರು ತಿಂಗಳಲ್ಲಿರುವ ಹಸು, ಹಾಲು ಕರೆಯುವ ಹಸು ಇವಕ್ಕೆ ಇನ್ನೂ ಜಾಸ್ತಿ ಬೇಕು. ಹೊಟ್ಟೆಯೊಳಗಿನ ಕರು ಹೆಚ್ಚು ಬೆಳೆಯುವುದೇ ಆ ಕೊನೆಯ ಮೂರು ತಿಂಗಳಲ್ಲಿ. ಹಿಂಡಿ ಎಲ್ಲರಿಗೂ ಸಾಲದಿದ್ದರೆ ಮೊದಲ ಪಾಲು ಮೊದಲ ಸಲ ಗಬ್ಬವಾದ ಕಡಸಿಗೆ ಕೊಡಿ. ಅದು ತಾನೂ ಬೆಳೆಯಬೇಕು, ಕರುವನ್ನೂ ಬೆಳೆಸಬೇಕು. ಮೈ ತುಂಬಿಕೊಂಡ, ಹಾಲು ಬತ್ತಿದ ದೊಡ್ಡ ಹಸು ಕೊನೆಗೆ ಕಾಯಬಲ್ಲದು.

ಹಂತ 5: ಯಾವ ಹಿಂಡಿ?

ಹೆಚ್ಚು ಪ್ರೋಟೀನ್ ಇರುವವು ಸೋಯಾ ಹಿಂಡಿ (ಶೇ. 44ರಿಂದ 48) ಮತ್ತು ಕಡಲೆಕಾಯಿ ಹಿಂಡಿ (ಶೇ. 40ರಿಂದ 45). ಸೂರ್ಯಕಾಂತಿ, ಅಗಸೆ ಹಿಂಡಿಗಳು ಶೇ. 30ರ ಆಸುಪಾಸಿನಲ್ಲಿವೆ. ಕೊಬ್ಬರಿ ಹಿಂಡಿ ಸುಮಾರು ಶೇ. 20. ಹತ್ತಿ ಹಿಂಡಿ ಸಿಪ್ಪೆ ಇದ್ದರೆ ಶೇ. 22ರಿಂದ 25, ಸಿಪ್ಪೆ ತೆಗೆದದ್ದಾದರೆ ಶೇ. 35ಕ್ಕೆ ಮೇಲೆ.

ಚೀಲದ ಬೆಲೆ ನೋಡಿ ಅಗ್ಗ ತುಟ್ಟಿ ಎನ್ನಬೇಡಿ. ಒಂದು ಕೆಜಿ ಪ್ರೋಟೀನ್ ಎಷ್ಟಕ್ಕೆ ಬಿತ್ತು ನೋಡಿ. ಶೇ. 40ರ 50 ಕೆಜಿ ಚೀಲದಲ್ಲಿ 20 ಕೆಜಿ ಪ್ರೋಟೀನ್ ಇದೆ. ಶೇ. 20ರ ಚೀಲದಲ್ಲಿ 10 ಕೆಜಿ. ಮೊದಲನೆಯದರ ಬೆಲೆ ಎರಡನೆಯದರ ಎರಡು ಪಟ್ಟಿಗಿಂತ ಕಡಿಮೆ ಇರುವ ತನಕ ಅದೇ ಅಗ್ಗ.

ಇನ್ನೊಂದು ವಿಷಯ. ಒಣಹುಲ್ಲು ತಿನ್ನುವ ದನಕ್ಕೆ ಮೊದಲು ಬೇಕಾದದ್ದು ರೂಮೆನ್‌ನಲ್ಲೇ ಒಡೆಯುವ ಪ್ರೋಟೀನ್. ಕಡಲೆಕಾಯಿ ಹಿಂಡಿ ಇದಕ್ಕೆ ಬಹಳ ಒಳ್ಳೆಯದು. ಸೋಯಾ, ಸೂರ್ಯಕಾಂತಿಯೂ ಚೆನ್ನಾಗಿವೆ. ರೂಮೆನ್ ದಾಟಿ ಮುಂದೆ ಹೋಗಲೆಂದೇ ಬಿಸಿಮಾಡಿ ತಯಾರಿಸಿದ ಬೈಪಾಸ್ ಪ್ರೋಟೀನ್ ತುಂಬ ಹಾಲು ಕೊಡುವ ಹಸುಗಳಿಗೆ ಉಪಯೋಗ. ನಮ್ಮ ಸಮಸ್ಯೆಗೆ ಅದಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ.

ಜೋಳದ ನುಚ್ಚಿನಂಥ ಬರೀ ಧಾನ್ಯ ಹಾಕಿದರೆ ಏನಾಗುತ್ತದೆ? ಶಕ್ತಿ ಸಿಗುತ್ತದೆ, ಪ್ರೋಟೀನ್ ಕೊರತೆ ಹಾಗೇ ಉಳಿಯುತ್ತದೆ. ಪಿಷ್ಟ ತಿನ್ನುವ ಬ್ಯಾಕ್ಟೀರಿಯಾಗಳು ಬೇಗ ಬೆಳೆದು ಇದ್ದ ಸ್ವಲ್ಪ ಅಮೋನಿಯಾವನ್ನೂ ಕಬಳಿಸುತ್ತವೆ. ಧಾನ್ಯ ಜಾಸ್ತಿಯಾದರೆ ರೂಮೆನ್ ಹುಳಿಯಾಗುತ್ತದೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಎಂಬ ಅಳತೆ ಸುಮಾರು 6.2ಕ್ಕಿಂತ ಕೆಳಗಿಳಿದಾಗ ನಾರು ಒಡೆಯುವ ಬ್ಯಾಕ್ಟೀರಿಯಾಗಳು ಸೊರಗುತ್ತವೆ. ದನ ಧಾನ್ಯ ತಿಂದು ಹುಲ್ಲು ಬಿಡುತ್ತದೆ. ನಾವು ಬಯಸಿದ್ದಕ್ಕೆ ಪೂರ್ತಿ ಉಲ್ಟಾ ಅಲ್ವಾ?

ಹಿಂಡಿ ಕೊಳ್ಳುವಾಗ ಮೂಗಿಗೆ ಹಿಡಿದು ನೋಡಿ, ಮುರಿದು ನೋಡಿ. ಬೂಷ್ಟು ಬಂದದ್ದು, ಮುಗ್ಗಲು ವಾಸನೆಯದ್ದು ಬೇಡವೇ ಬೇಡ. ಕಡಲೆಕಾಯಿ ಮತ್ತು ಹತ್ತಿ ಹಿಂಡಿಯಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ಕೆಡಿಸುತ್ತದೆ, ಹಾಲಿನಲ್ಲೂ ಇಳಿಯುತ್ತದೆ. ಹಿಂಡಿಯನ್ನು ಬೇಯಿಸಿದರೂ ಅದು ಹೋಗುವುದಿಲ್ಲ. ಹತ್ತಿ ಹಿಂಡಿಯಲ್ಲಿರುವ ಗಾಸಿಪಾಲ್ ಎಂಬ ವಿಷವಸ್ತು ಎಳೆಗರುಗಳಿಗೆ ಅಪಾಯ, ಅವಕ್ಕೆ ಹಾಕಬೇಡಿ.

ಕುದುರೆ ಮಸಾಲೆ, ಹಲಸಂದೆಯಂಥ ದ್ವಿದಳ ಮೇವು ಬೆಳೆಯಲು ಸಾಧ್ಯವಿದ್ದರೆ ಹಿಂಡಿಯ ಒಂದು ಪಾಲನ್ನು ಅದರಿಂದಲೇ ತುಂಬಿಸಬಹುದು.

ಯೂರಿಯಾ ಬಗ್ಗೆ ಎಚ್ಚರಿಕೆಯ ಮಾತು

ರೂಮೆನ್‌ನ ಜೀವಿಗಳು ಯೂರಿಯಾದಿಂದಲೂ ಪ್ರೋಟೀನ್ ತಯಾರಿಸಬಲ್ಲವು. ಶೇ. 46 ಸಾರಜನಕ ಇರುವ ಯೂರಿಯಾ ಅಗ್ಗವೂ ಹೌದು. ಆದರೆ ಇದು ಅಳತೆ ತಪ್ಪಿದರೆ ಕೆಲವೇ ಗಂಟೆಗಳಲ್ಲಿ ದನವನ್ನು ಕೊಲ್ಲುವ ವಸ್ತು. ಮೊದಲ ಸಲ ಪ್ರಯತ್ನಿಸುವವರು ಹಿಂಡಿಯಲ್ಲೇ ಶುರುಮಾಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಯೂರಿಯಾ ಬಳಸಲೇಬೇಕೆಂದರೆ ಪಶುವೈದ್ಯರ ಸಲಹೆ ಪಡೆದು, ಒಟ್ಟು ಮೇವಿನ ಒಣಾಂಶದ ಶೇ. 1ನ್ನು ಮೀರದಂತೆ, ಸಮನಾಗಿ ಕಲಸಿದ ದಾಣಿಯಲ್ಲೋ ಕಾರ್ಖಾನೆಯಲ್ಲಿ ಮಾಡಿದ ನೆಕ್ಕುವ ಇಟ್ಟಿಗೆಯಲ್ಲೋ ಕೊಡಿ. ಕುಡಿಯುವ ನೀರಿಗೆ ಕರಗಿಸಿ ಇಡಬೇಡಿ. ಮಳೆ ನೀರು ತೊಟ್ಟಿಗೆ ಬಿದ್ದು ಯೂರಿಯಾ ಕರಗಿದರೆ ಅದನ್ನು ಕುಡಿದ ದನ ಉಳಿಯುವುದು ಕಷ್ಟ. ಹಸಿದು ಬಂದ ದನಕ್ಕೆ, ಬಡಕಲು ದನಕ್ಕೆ, 6 ತಿಂಗಳೊಳಗಿನ ಕರುವಿಗೆ ಕೊಡಲೇಬಾರದು. ಹಸಿ ಸೋಯಾ ಕಾಳಿನ ಜೊತೆ ಕಲಸಬೇಡಿ, ಅದರಲ್ಲಿರುವ ಕಿಣ್ವ ಯೂರಿಯಾವನ್ನು ಬೇಗ ಅಮೋನಿಯಾ ಮಾಡುತ್ತದೆ.

ನಡುಕ, ಬಾಯಲ್ಲಿ ನೊರೆ, ಹೊಟ್ಟೆ ಉಬ್ಬರ, ತೂರಾಡುವುದು ಕಂಡರೆ ತಕ್ಷಣ ವೈದ್ಯರನ್ನು ಕರೆಸಿ. ತಣ್ಣೀರು ಮತ್ತು ವಿನೆಗರ್ ಕುಡಿಸುವುದು ಇದಕ್ಕೆ ಕೊಡುವ ಪ್ರಥಮ ಚಿಕಿತ್ಸೆ. ಎಷ್ಟು, ಹೇಗೆ ಎಂದು ವೈದ್ಯರನ್ನು ಫೋನಿನಲ್ಲೇ ಕೇಳಿಕೊಂಡು ಮಾಡಿ. ಬಿದ್ದ ದನದ ಬಾಯಿಗೆ ಬಲವಂತವಾಗಿ ಸುರಿದರೆ ಶ್ವಾಸಕೋಶಕ್ಕೆ ಹೋಗಬಹುದು.

ಹಂತ 6: ಕೊಡುವ ರೀತಿ

ಮೊದಲ ದಿನವೇ ಪೂರ್ತಿ ಪ್ರಮಾಣ ಬೇಡ. ಕಾಲು ಭಾಗದಿಂದ ಶುರುಮಾಡಿ 10ರಿಂದ 14 ದಿನಗಳಲ್ಲಿ ಪೂರ್ತಿ ಪ್ರಮಾಣಕ್ಕೆ ಬನ್ನಿ. ರೂಮೆನ್‌ನ ಜೀವಿಗಳಿಗೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ಗಟ್ಟಿ ಹಿಂಡಿಯನ್ನು ಪುಡಿಮಾಡಿ ಅಥವಾ ನೆನೆಸಿ ಹಾಕಿ. ನೆನೆಸಿದ್ದನ್ನು ಅದೇ ದಿನ ಮುಗಿಸಿ.

ಮಂದೆಗೆ ಒಟ್ಟಿಗೆ ಹಾಕುವಾಗ ಜೋರಿನ ದನ ಎರಡು ಪಾಲು ತಿನ್ನುತ್ತದೆ, ಮೆತ್ತನೆಯದು ದೂರ ನಿಂತು ನೋಡುತ್ತದೆ. ಹಿಂಡಿ ನಿಜಕ್ಕೂ ಬೇಕಾಗಿರುವುದು ಆ ದೂರ ನಿಂತದ್ದಕ್ಕೆ. ಗೋದಲಿಯಲ್ಲಿ ದೊಡ್ಡ ದನಕ್ಕೆ ತಲಾ 60ರಿಂದ 75 ಸೆಂಟಿಮೀಟರ್ ಜಾಗ ಇರಲಿ, ಎಲ್ಲವೂ ಒಂದೇ ಹೊತ್ತಿಗೆ ಬಾಯಿ ಹಾಕುವಂತಿರಲಿ. ಸಾಧ್ಯವಾದರೆ ಬಡಕಲು ದನಗಳನ್ನೂ ಕಡಸುಗಳನ್ನೂ ಬೇರೆ ಕಟ್ಟಿ.

ಬಯಲಿನಲ್ಲಿ ಮೇಯುವ ದೊಡ್ಡ ಮಂದೆಯಿದ್ದು ದಿನಾ ಹೋಗಿ ಹಾಕಲು ಆಗದಿದ್ದರೆ ಒಂದು ಅನುಕೂಲವಿದೆ. ದನದ ದೇಹ ಸಾರಜನಕವನ್ನು ಯೂರಿಯಾ ಮಾಡಿ, ರಕ್ತ ಮತ್ತು ಜೊಲ್ಲಿನ ಮೂಲಕ ಮತ್ತೆ ರೂಮೆನ್‌ಗೆ ತರುತ್ತದೆ. ಹಾಗಾಗಿ ಪ್ರೋಟೀನ್ ಹಿಂಡಿಯನ್ನು ದಿನಾ ಕೊಡುವ ಬದಲು ವಾರಕ್ಕೆ ಮೂರು ಸಲ ಕೊಟ್ಟರೂ ಮೈಕಟ್ಟಿನಲ್ಲಿ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ದಿನಕ್ಕೆ ಅರ್ಧ ಕೆಜಿ ಅಂದರೆ ವಾರಕ್ಕೆ ಮೂರೂವರೆ ಕೆಜಿ, ಸಲಕ್ಕೆ ಸುಮಾರು 1.2 ಕೆಜಿ. ಕೆಲಸದ ಹೊರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಒಮ್ಮೆಲೇ ಜಾಸ್ತಿ ಹಾಕುವುದರಿಂದ ಮೆತ್ತನೆಯ ದನಕ್ಕೂ ಪಾಲು ಸಿಗುತ್ತದೆ. ಈ ಅನುಕೂಲ ಹಿಂಡಿಗೆ ಮಾತ್ರ. ಧಾನ್ಯವನ್ನಾಗಲಿ ಯೂರಿಯಾ ಸೇರಿಸಿದ ದಾಣಿಯನ್ನಾಗಲಿ ಹೀಗೆ ಒಟ್ಟು ಹಾಕಿದರೆ ಅನಾಹುತ.

ಹಂತ 7: ನೀರು, ಉಪ್ಪು, ಖನಿಜ

ಒಣಹುಲ್ಲು ಜಾಸ್ತಿ ತಿಂದರೆ ನೀರೂ ಜಾಸ್ತಿ ಬೇಕು. ಒಂದು ಕೆಜಿ ಒಣಾಂಶಕ್ಕೆ 3ರಿಂದ 5 ಲೀಟರ್ ಇಟ್ಟುಕೊಳ್ಳಿ, ಬಿಸಿಲಿನಲ್ಲಿ ಇನ್ನೂ ಹೆಚ್ಚು. ನೀರು ಕಡಿಮೆಯಾದ ದಿನ ದನ ಮೇವನ್ನೂ ಬಿಡುತ್ತದೆ. ಉಪ್ಪು ಮತ್ತು ಖನಿಜ ಮಿಶ್ರಣ ಯಾವಾಗಲೂ ಸಿಗುವಂತಿರಲಿ. ಒಣಗಿದ ಹುಲ್ಲಿನಲ್ಲಿ ರಂಜಕವೂ ಕಡಿಮೆ ಇರುತ್ತದೆ. ಅದರ ಕೊರತೆ ಇದ್ದ ದನ ಮೂಳೆ, ಕಟ್ಟಿಗೆ ಅಗಿಯುವುದನ್ನು ನೀವೂ ನೋಡಿರಬಹುದು.

ಹಂತ 8: ಫಲ ಬಂತಾ ನೋಡಿ

ಮೊದಲು ಬದಲಾಗುವುದು ಸಗಣಿ. ಹೆಚ್ಚಾಗಿ ಒಂದೆರಡು ವಾರದಲ್ಲೇ ಗಟ್ಟಿ ಬಿಲ್ಲೆಗಳು ಹೋಗಿ ಮೆತ್ತಗಾಗುತ್ತದೆ, ಉದ್ದ ನಾರು ಕಡಿಮೆಯಾಗುತ್ತದೆ. ಆಮೇಲೆ ಗೋದಲಿ ನೋಡಿ, ಬಿಟ್ಟ ಹುಲ್ಲಿನ ರಾಶಿ ಸಣ್ಣದಾಗಿರಬೇಕು. ಮೈ ತುಂಬುವುದು ನಿಧಾನ, ತಿಂಗಳು ಬೇಕು. ಪಕ್ಕೆಲುಬು, ಸೊಂಟದ ಮೂಳೆಗಳ ಮೇಲೆ ಕೈಯಾಡಿಸಿ ನೋಡುವುದು ಅಭ್ಯಾಸವಾಗಲಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ, ಆದ್ದರಿಂದ 15 ದಿನಕ್ಕೊಮ್ಮೆ ಟೇಪು ಹಿಡಿದು ಬರೆದಿಡಿ.

ಸಗಣಿ ಸರಿಹೋಗಿ ಒಂದು ತಿಂಗಳಾದರೂ ಮೈ ಏರದಿದ್ದರೆ ಹಿಂಡಿ ಹೆಚ್ಚಿಸುತ್ತಾ ಹೋಗಬೇಡಿ. ಹುಲ್ಲಿನ ಪ್ರಮಾಣವೇ ಸಾಲದೆ ಇರಬಹುದು, ಜಂತುಹುಳ ಇರಬಹುದು, ಹಲ್ಲು ಸವೆದಿರಬಹುದು. ವೈದ್ಯರಿಗೆ ತೋರಿಸಿ. ಮತ್ತೊಂದು ಕಡೆ, ದನ ಹಿಂಡಿಗಾಗಿ ಕಾಯುತ್ತಾ ಹುಲ್ಲಿಗೆ ಹೋಗದಿದ್ದರೆ ಕೊಡುವ ಹೊತ್ತು ಬದಲಿಸಿ. ಬೆಳಗ್ಗೆ ದನ ಹುರುಪಿನಿಂದ ಮೇಯುವ ಹೊತ್ತು ತಪ್ಪಿಸಿ, ಮಧ್ಯಾಹ್ನ ಮಲಗುವ ಹೊತ್ತಿಗೆ ಹಾಕಿ.

ಯಾವಾಗ ಶುರು, ಯಾವಾಗ ನಿಲ್ಲಿಸುವುದು

ಮೈ ಇಳಿದ ಮೇಲೆ ಹಿಂಡಿ ಹಾಕಿ ಏರಿಸುವುದು ತುಟ್ಟಿ. ಹುಲ್ಲು ಬೀಜ ಕಟ್ಟಿ ಹಳದಿಯಾಗುತ್ತಾ ಬಂದ ಹೊತ್ತಿಗೆ, ಸಗಣಿ ಗಟ್ಟಿಯಾಗತೊಡಗಿದ ಕೂಡಲೇ ಶುರುಮಾಡಿ. ಹೊಸ ಹುಲ್ಲು ಚಿಗುರಿದಾಗ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಚಿಗುರು ಹಸಿರಾಗಿ ಕಂಡರೂ ನೀರು ಜಾಸ್ತಿ, ಹೊಟ್ಟೆ ತುಂಬುವಷ್ಟು ಇರುವುದಿಲ್ಲ. ದನ ಅದರ ಹಿಂದೆ ಅಲೆದು ಒಣಹುಲ್ಲನ್ನೂ ಬಿಡುತ್ತದೆ. ಹುಲ್ಲು ಬಾಯಿ ತುಂಬ ಸಿಗುವಷ್ಟು ಬೆಳೆದ ಮೇಲೆ, ಒಂದು ವಾರದಲ್ಲಿ ಹಿಂಡಿಯನ್ನು ಇಳಿಸುತ್ತಾ ಬಂದು ನಿಲ್ಲಿಸಿ. ಉಳಿದ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಿ. ಮಳೆಗಾಲದ ತೇವದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ, ಹಾಗಾಗಿ ಮುಂದಿನ ವರ್ಷಕ್ಕೆಂದು ಕೂಡಿಡದೆ ಹಾಲು ಕರೆಯುವ ಹಸುಗಳಿಗೆ ಹಾಕಿ ಮುಗಿಸಿಬಿಡಿ.